ನಿಂತ ಕಾಲಿನ ಚಿತ್ರ ತೆಗೆಯುವ ಫ್ಲಾವಿಯಾ ಬಾಯಿ

ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ದಕ್ಕೆಯ ಕಟ್ಟೆಗೆ ಹತ್ತಿದ ದೋಣಿಗಳಿಂದ ಬೂತಾಯಿ ಮೀನಿನ ಬುಟ್ಟಿಗಳು ಇಳಿಯುತ್ತಿವೆ. ಮೀನು ಮಾರುವ ಹೆಂಗಸರು ಬುಟ್ಟಿ ಹಿಡಿದು ಒಬ್ಬರನ್ನೊಬ್ಬರು ತಳ್ಳುತ್ತ ಕೂಗಾಡುತ್ತಿದ್ದಾರೆ. ಆ ಗದ್ದಲದ ನಡುವೆ ಬಿಳಿ ಸೀರೆಯುಟ್ಟ, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿದ ಒಬ್ಬ ಹೆಂಗಸು ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಸೆದಂತೆ ಇಡುತ್ತ ಐಸ್ ಕಾರ್ಖಾನೆಯ ಬಾಗಿಲಿಗೆ ಬರುತ್ತಾರೆ. ಐಸ್ ಒಡೆಯುವ ವಿಲ್ಲಿ ಅವರನ್ನು ಕಂಡ ಕೂಡಲೇ ಒಂದು ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಮರದ ಹುಡಿ ಮೆತ್ತಿ ಕೈಗಾಡಿಗೆ ಹಾಕುತ್ತಾನೆ.

"ಬಾಯಿ, ಇವತ್ತು ಎಂತ ಮೀನು ಉಂಟು ಆಸ್ಪತ್ರೆಯಲ್ಲಿ?"

"ಇವತ್ತೂ ಬರೀ ಮುಳ್ಳೇ ಮಾರಾಯ," ಎನ್ನುತ್ತಾರೆ ಅವರು, ನಗದೆ.

ಇದು ಅವರಿಬ್ಬರ ನಡುವೆ ದಿನಾಲೂ ನಡೆಯುವ ಮಾತು. ಕೈಗಾಡಿ ಏರು ದಾರಿಯಲ್ಲಿ ಮುಂದೆ ಹೋಗುತ್ತದೆ. ಫ್ಲಾವಿಯಾ ಲೋಬೋ ಅದರ ಹಿಂದೆ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಮೇಲಿನ ಸಣ್ಣ ಧರ್ಮಾಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಹತ್ತುತ್ತಾರೆ. ಆಸ್ಪತ್ರೆಯ ಹೆಸರು ಪೇಪರಿನಲ್ಲಿ ಹಾಕುವುದು ಬೇಡ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಬಂದರಿನ ಜನಕ್ಕೆ ಹೇಗೂ ಆ ಹೆಸರು ಬೇಕಾಗುವುದಿಲ್ಲ. ಅವರು ಹೇಳುವುದು "ಎಕ್ಸ್‌ರೇ ಬಾಯಿಯಲ್ಲಿಗೆ ಹೋಗಿ ಬಂದೆ" ಎಂದು.

ಮೀನಿಗೆ ಹಾಕುವ ಐಸ್ ಎಕ್ಸ್‌ರೇಗೆ ಏಕೆ ಎಂದು ನಾನೂ ಕೇಳಿದೆ. ಅವರು ನನ್ನನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಎರಡು ತೊಟ್ಟಿ ತೋರಿಸಿದರು. ಒಳಗಿನ ತೊಟ್ಟಿಯಲ್ಲಿ ಫಿಲ್ಮ್ ತೊಳೆಯುವ ಔಷಧದ ನೀರು, ಹೊರಗಿನದರಲ್ಲಿ ಐಸ್. ಮಂಗಳೂರಿನ ಸೆಖೆಗೆ ಔಷಧದ ನೀರು ಬಿಸಿಯಾದರೆ ಫಿಲ್ಮಿನ ಮೇಲಿನ ಲೇಪ ಮೆತ್ತಗಾಗಿ ಕಿತ್ತು ಬರುತ್ತದೆ. ಆಗ ಎಲುಬೂ ಇಲ್ಲ, ಚಿತ್ರವೂ ಇಲ್ಲ. ತಣ್ಣಗಿಡುವ ಯಂತ್ರ ದೊಡ್ಡ ಆಸ್ಪತ್ರೆಗಳಲ್ಲಿ ಉಂಟಂತೆ. ಇಲ್ಲಿ ಫ್ಲಾವಿಯಾ ಬಾಯಿ ಉಂಟು. ಕೊಟ್ಟಾರದ ಮನೆಯಿಂದ ಮೊದಲ ಬಸ್ಸಿಗೆ ಹೊರಟು, ಬಂದರಿನಲ್ಲಿಳಿದು, ಐಸ್ ಏರಿಸಿಕೊಂಡು, ಊರಿನಲ್ಲಿ ಯಂತ್ರಗಳು ತಿರುಗಲು ಸುರುವಾಗಿ ಕರೆಂಟು ಕುಗ್ಗುವ ಮುಂಚೆ ಸೂಕ್ಷ್ಮದ ಚಿತ್ರಗಳನ್ನೆಲ್ಲ ತೆಗೆದು ಮುಗಿಸುತ್ತಾರೆ.

ಅವರ ಸೂಕ್ಷ್ಮದ ಚಿತ್ರ ಎಂದರೆ ಹೆಚ್ಚಾಗಿ ಕಾಲಿನದು. ಎದೆ, ಹೊಟ್ಟೆ, ಮುರಿದ ಕೈ ಎಲ್ಲ ಬರುತ್ತದೆ. ಆದರೆ ಈ ಕೋಣೆಯ ಹೊರಗೆ ಬೆಳಿಗ್ಗೆ ಕಾದು ನಿಲ್ಲುವವರಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲನ್ನು ನೆಲಕ್ಕೆ ಮುಟ್ಟಿಸಿಯೂ ಮುಟ್ಟಿಸದ ಹಾಗೆ ನಿಂತಿರುತ್ತಾರೆ. ಸರಕು ತರುವ ಮಂಜಿ ಹಡಗಿನಿಂದ ಮೂಟೆ ಇಳಿಸುವವರು, ಹಂಚಿನ ಕಾರ್ಖಾನೆಯಲ್ಲಿ ಹಸಿ ಮಣ್ಣು ಹೊರುವ ಹೆಂಗಸರು, ಈಗೀಗ ಪಣಂಬೂರಿನ ಹೊಸ ಬಂದರಿಗೆ ಕಲ್ಲು ಒಡೆಯುವವರು. ಕಾಟಿಪಳ್ಳದಿಂದ ಬಸ್ಸು ಬದಲಾಯಿಸಿ ಬಂದ ಒಬ್ಬ ಅಜ್ಜ ನನ್ನ ಪಕ್ಕ ಕೂತಿದ್ದರು. "ಇಲ್ಲಿ ಕಾಲು ನೋಡ್ಲಿಕ್ಕೆ ಒಬ್ಬರು ಬಾಯಿ ಇದ್ದಾರಂತೆ" ಎಂದಷ್ಟೇ ಅವರಿಗೆ ಗೊತ್ತು.

ಬಾಯಿ ಡಾಕ್ಟರಲ್ಲ. ಅದನ್ನು ಅವರೇ ಮೊದಲು ಹೇಳುತ್ತಾರೆ. "ನಾನು ಚಿತ್ರ ತೆಗೆಯುವವಳು. ಓದಿ ಹೇಳುವುದು ಡಾಕ್ಟ್ರು. ಜನ ನನ್ನ ಮುಖ ನೋಡ್ತಾರೆ, ಎಂತ ಉಂಟು ಬಾಯಿ ಅಂತ. ನಾನು ಹೇಳುವುದಿಲ್ಲ. ನನ್ನ ಮುಖ ಗೋಡೆಯ ಹಾಗೆ ಇಟ್ಟುಕೊಳ್ಳುವುದನ್ನು ಕಲಿತಿದ್ದೇನೆ."

ಅವರಿಗೀಗ ನಲವತ್ತರ ಹತ್ತಿರ. ತಂದೆ ಸೈಮನ್ ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ಬೇಗನೆ ತೀರಿಕೊಂಡರು. ಫ್ಲಾವಿಯಾ ಇದೇ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದಾಗ ಊರು ಇನ್ನೂ ಮದ್ರಾಸಿಗೆ ಸೇರಿತ್ತು. ಸೇರಿದ ಮೂರನೆಯ ಮಳೆಗಾಲದಲ್ಲಿ, ಹೆರಿಗೆ ವಾರ್ಡಿಗೆ ಬಿಸಿನೀರು ಒಯ್ಯುತ್ತಿದ್ದಾಗ ಪಾಚಿ ಹಿಡಿದ ಮೆಟ್ಟಲಲ್ಲಿ ಜಾರಿದರು. ಬಲಗಾಲಿನ ಹರಡು, ಅಂದರೆ ಪಾದವೂ ಕಾಲೂ ಸೇರುವ ಗಂಟು, ಒಳಕ್ಕೆ ತಿರುಚಿತು. ಆ ವಾರ ಎಕ್ಸ್‌ರೇ ಯಂತ್ರ ಕೆಟ್ಟಿತ್ತು, ರಿಪೇರಿಯವರು ಮದ್ರಾಸಿನಿಂದ ಬರಬೇಕಿತ್ತು. ಉಳುಕು ಇರಬೇಕು ಎಂದು ಬಟ್ಟೆ ಸುತ್ತಿದರು. ಇಪ್ಪತ್ತೆರಡರ ಹುಡುಗಿ, ಕೆಲಸ ಹೋದೀತೆಂಬ ಹೆದರಿಕೆ. ಹಲ್ಲು ಕಚ್ಚಿ ಅದೇ ಕಾಲಿನಲ್ಲಿ ವಾರ್ಡು ಸುತ್ತಿದರು.

"ಯಂತ್ರ ಸರಿಯಾದ ಮೇಲೆ, ಆಗ ಎಕ್ಸ್‌ರೇ ಕೋಣೆ ನೋಡಿಕೊಳ್ತಿದ್ದ ಜೊಕಿಮ್ ಮಾಸ್ಟ್ರು ಚಿತ್ರ ತೆಗೆದರು. ಮುರಿದಿತ್ತು. ಮುರಿದದ್ದು ಸೊಟ್ಟ ಕೂಡಿಯೂ ಆಗಿತ್ತು," ಎಂದು ಅವರು ತಮ್ಮ ಪಾದವನ್ನು ಯಾರದೋ ಪಾದವೆಂಬಂತೆ ತೋರಿಸುತ್ತಾರೆ. "ಯಾರ ತಪ್ಪೂ ಅಲ್ಲ. ಆದರೆ ಆ ಚಿತ್ರ ನೋಡಿದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಸ್ಪಷ್ಟ ಕಾಣುವ ವಿಷಯ ಅಷ್ಟು ದಿನ ಯಾರಿಗೂ ಕಾಣದೆ ಹೋಯ್ತಲ್ಲ ಅಂತ."

ಓಡಲಾರದ ನರ್ಸ್ ವಾರ್ಡಿಗೆ ಆಗುವುದಿಲ್ಲ. ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೇಲಿನವರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ ಮಾತಿನ ಅರ್ಥ ಫ್ಲಾವಿಯಾಗೆ ತಿಳಿಯಿತು. ಅವರು ಮನೆಗೆ ಹೋಗಲಿಲ್ಲ. ನೇರ ಎಕ್ಸ್‌ರೇ ಕೋಣೆಗೆ ಹೋಗಿ ಜೊಕಿಮ್ ಮಾಸ್ಟರ ಎದುರು ನಿಂತು, "ನನಗೆ ಈ ಕೆಲಸ ಕಲಿಸಿ" ಎಂದರು.

ಜೊಕಿಮ್ ಮಾಸ್ಟರು ಆಗ ಮುದುಕರು. ಹಳೆಯ ಕಾಲದಲ್ಲಿ ರಕ್ಷಣೆಯ ಸೀಸದ ಅಂಗಿ, ಕೈಗವಸು ಏನೂ ಇಲ್ಲದೆ ಕೆಲಸ ಮಾಡಿದವರು. ಅಳುವ ಮಕ್ಕಳ ಕೈಕಾಲುಗಳನ್ನು ಕಿರಣದ ಕೆಳಗೆ ತಾವೇ ಹಿಡಿದವರು. ಅವರ ಉಗುರುಗಳು ಉದುರಿದ್ದವು, ಚರ್ಮ ಸುಟ್ಟ ತೊಗಟೆಯ ಹಾಗಾಗಿತ್ತು, ಎಡಗೈಯ ಎರಡು ಬೆರಳನ್ನು ಡಾಕ್ಟರರು ತೆಗೆದಿದ್ದರು. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟು ಹುಡುಗಿಗೆ ತೋರಿಸಿದರಂತೆ. "ಇದನ್ನು ನೋಡು. ಮತ್ತೆ ಹೇಳು."

"ನೋಡಿದೆ ಮಾಸ್ಟ್ರೇ. ಕಲಿಸಿ," ಎಂದಳಂತೆ ಹುಡುಗಿ.

ಮಾಸ್ಟರು ಕಲಿಸಿದರು. ಆಮೇಲೆ ಆಸ್ಪತ್ರೆಯವರು ಒಂದು ವರ್ಷದ ತರಬೇತಿಗೆ ಮದ್ರಾಸಿಗೂ ಕಳುಹಿಸಿದರು. ಅವರು ಹೊರಡುವ ಹೊತ್ತಿಗೆ ಕುಲಶೇಖರದ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಹುಡುಗನ ಕಡೆಯವರಿಗೆ ಕುಂಟು ಕಾಲು ಅಡ್ಡಿಯಾಗಿರಲಿಲ್ಲ, ಕಿರಣ ಅಡ್ಡಿಯಾಯಿತು. ಆ ಕೋಣೆಯಲ್ಲಿ ಕೆಲಸ ಮಾಡಿದವಳಿಗೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಕೆಲಸ ಬಿಟ್ಟರೆ ಮದುವೆ, ಬಿಡದಿದ್ದರೆ ಇಲ್ಲ.

ಕೊಟ್ಟಾರದ ಮನೆಯಲ್ಲಿ ಅವರ ತಾಯಿ ಗೆರ್ಟ್ರೂಡ್ ಬಾಯಿ ನನಗೆ ಕಾಫಿ ಕೊಟ್ಟು ಇದನ್ನು ಹೇಳಿದರು. "ನಾನು ಭಾರಿ ಬೈದೆ. ಎರಡು ದಿನ ಮಾತಾಡಲಿಲ್ಲ. ಇವಳು ಎಂತ ಹೇಳಿದ್ದು ಗೊತ್ತುಂಟಾ? 'ಮಮ್ಮಾ, ಮಾಸ್ಟ್ರು ಜಾಗ್ರತೆ ಹೇಳಿಕೊಟ್ಟಿದ್ದಾರೆ, ನನಗೆ ಎಂತದೂ ಆಗುವುದಿಲ್ಲ. ಅವರಿಗೆ ನಂಬಿಕೆ ಇಲ್ಲದಿದ್ದರೆ ನನಗೆ ಅವರು ಬೇಡ.' ಈಗ ನಾನೇ ಬೆಳಿಗ್ಗೆ ಎದ್ದು ಅವಳಿಗೆ ಬುತ್ತಿ ಕಟ್ಟುವುದು." ಕಾಫಿಯ ಲೋಟ ಎತ್ತಿಕೊಳ್ಳುತ್ತ ಸೇರಿಸಿದರು: "ಆ ಹುಡುಗ ಒಳ್ಳೆಯವನಿದ್ದ."

ಮಗಳು ಈ ವಿಷಯ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ.

ಬಂದರಿನವರು ಅವರನ್ನು ತಮ್ಮವರೆಂದು ಎಣಿಸುವುದಕ್ಕೆ ಕಾರಣವಾದದ್ದು ಅಹ್ಮದ್ ಬಾವ ಎಂಬ ಮೂಟೆ ಹೊರುವವರ ಕಾಲು. ಎರಡು ವರ್ಷದ ಹಿಂದಿನ ಮಾತು. ಮಂಜಿಗೂ ದಕ್ಕೆಗೂ ನಡುವೆ ಹಾಕಿದ ಹಲಗೆಯ ಮೇಲೆ ತಲೆಯಲ್ಲಿ ಅಕ್ಕಿ ಮೂಟೆ ಹೊತ್ತು ಬರುತ್ತಿದ್ದಾಗ ಹಲಗೆ ಹೊರಳಿ, ಬಾವ ಅವರ ಎಡಪಾದದ ಮುಂಭಾಗ ಸಂದಿಗೆ ಸಿಕ್ಕಿತು. ಮೈಯೂ ಮೂಟೆಯೂ ಒಂದು ಕಡೆಗೆ, ಪಾದ ಇನ್ನೊಂದು ಕಡೆಗೆ. ಪಾದದ ನಡುಭಾಗ ಊದಿಕೊಂಡಿತು. ಎಣ್ಣೆ ತಿಕ್ಕಿಸಿದರು, ಸೊಪ್ಪು ಕಟ್ಟಿಸಿದರು. ಊತ ಸ್ವಲ್ಪ ಇಳಿಯಿತು, ನೋವು ಇಳಿಯಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಅಂಗಾಲಿಗೆ ಮೊಳೆ ಹೊಡೆದ ಹಾಗೆ.

ಹೆಂಡತಿ ಬೀಫಾತಿಮ್ಮ ಬಾವರನ್ನು ಆಸ್ಪತ್ರೆಗೆ ಕರೆತಂದರು. ಡಾಕ್ಟರ್ ಒಸ್ವಾಲ್ಡ್ ಪಾದ ಒತ್ತಿ ನೋಡಿ ಚಿತ್ರಕ್ಕೆ ಬರೆದರು. ಫ್ಲಾವಿಯಾ ಬಾವರನ್ನು ಮೇಜಿನ ಮೇಲೆ ಮಲಗಿಸಿ ಮೇಲಿನಿಂದ, ಓರೆಯಿಂದ, ಬದಿಯಿಂದ ತೆಗೆದರು. ಮೂರೂ ಚಿತ್ರದಲ್ಲಿ ಎಲುಬುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಬಿರುಕಿಲ್ಲ, ಮುರಿತವಿಲ್ಲ.

ಈ ಸುದ್ದಿ ಬಂದರಿಗೆ ಇಳಿಯಲು ಹೊತ್ತಾಗಲಿಲ್ಲ. ಮೂಟೆಯವರ ಗುಂಪಿಗೆ ಹಾಶಿಂ ಮೇಸ್ತ್ರಿ. ಕೆಟ್ಟವರಲ್ಲ, ಆದರೆ ಮಂಜಿ ಬಂದು ನಿಂತರೆ ಅವರಿಗೆ ಆಳು ಬೇಕು. ಚಿತ್ರದಲ್ಲಿ ಏನೂ ಇಲ್ಲವಂತೆ ಎಂದ ಮೇಲೆ ಬಾವ ಉದಾಸೀನಕ್ಕೆ ನೋವಿನ ನೆಪ ಹೇಳುತ್ತಿದ್ದಾನೆ ಎಂದು ಗುಂಪಿನವರೇ ನಗಾಡತೊಡಗಿದರು. ಮುಂದಿನ ಮಂಜಿಗೆ ಬಾರದಿದ್ದರೆ ಬೇರೆಯವನನ್ನು ಸೇರಿಸುತ್ತೇನೆ ಎಂದರು ಮೇಸ್ತ್ರಿ. ಗುಂಪಿನಲ್ಲಿ ಜಾಗ ಹೋದರೆ ಬಂದರಿನಲ್ಲಿ ಮತ್ತೆ ಜಾಗ ಸಿಗುವುದು ಕಷ್ಟ. ಅಪ್ಪನಿಂದ ಬಂದ ಜಾಗ ಅದು.

ಬೀಫಾತಿಮ್ಮ ಒಬ್ಬರೇ ಎಕ್ಸ್‌ರೇ ಕೋಣೆಗೆ ವಾಪಸು ಬಂದರು. "ಬಾಯಿ, ಅವರು ಸುಳ್ಳು ಹೇಳುವವರಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದ್ದೇನೆ. ನಿನ್ನೆ ಪುನಃ ಮೂಟೆ ಹೊರ್ಲಿಕ್ಕೆ ಹೋಗಿ ದಾರಿಯಲ್ಲಿ ಕೂತು ಅತ್ತರು. ಗಂಡಸು ಅತ್ತದ್ದು ನಾಲ್ಕು ಜನ ನೋಡಿದರು ಬಾಯಿ. ನಿಮ್ಮ ಚಿತ್ರ ಸುಳ್ಳಾ, ಅವರು ಸುಳ್ಳಾ?"

"ಅದು ನನಗೆ ಕಪಾಳಕ್ಕೆ ಹೊಡೆದ ಹಾಗೆ ಆಯ್ತು," ಎನ್ನುತ್ತಾರೆ ಫ್ಲಾವಿಯಾ. ಮೂರೂ ಫಿಲ್ಮ್ ಹಿಡಿದು ಡಾಕ್ಟರರ ಕೋಣೆಗೆ ಹೋದರು. ಡಾಕ್ಟರ್ ಒಸ್ವಾಲ್ಡ್‌ಗೂ ಆ ಕಾಲಿನ ಬಗ್ಗೆ ಸಮಾಧಾನವಿರಲಿಲ್ಲ. ಅಂಗಾಲಿನ ನಡುವೆ ಕಂಡ ನೀಲಿ ಕಲೆ ಅವರಿಗೆ ನೆನಪಿತ್ತು. ಅವರೇ ಹೇಳಿದರು: ಪಾದದ ಎಲುಬುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ನರದಂತಹ ಪಟ್ಟಿಗಳು ಹರಿದಿದ್ದರೆ, ಮಲಗಿದಾಗ ಎಲುಬು ಸುಮ್ಮನೆ ಜಾಗದಲ್ಲಿ ಕೂತಿರಬಹುದು, ಮೈಯ ಭಾರ ಬಿದ್ದಾಗ ಮಾತ್ರ ಅಗಲುತ್ತದೆ. ನಿಲ್ಲಿಸಿ ಚಿತ್ರ ತೆಗೆಯಬೇಕು ಎಂದು ಓದಿದ್ದೇನೆ, ಆದರೆ ನಮ್ಮ ಯಂತ್ರದಲ್ಲಿ ಅದು ಹೇಗೆ?

ಪ್ರಶ್ನೆ ಅದೇ. ಆ ಹಳೆಯ ಯಂತ್ರದ ಕೊಳವೆ ಮೇಜಿನ ಮಟ್ಟದಿಂದ ಕೆಳಗೆ ಇಳಿಯುವುದಿಲ್ಲ. ನೆಲದ ಮೇಲೆ ನಿಂತವನ ಪಾದವನ್ನು ಬದಿಯಿಂದ ಹಿಡಿಯುವಂತಿಲ್ಲ. ಫಿಲ್ಮಿನ ಪೆಟ್ಟಿಗೆಯ ಮೇಲೆ ಆಳು ನಿಂತರೆ ಅದು ಒಡೆದೀತು.

ಫ್ಲಾವಿಯಾ ಅಂದು ಸಂಜೆ ಕೊಟ್ಟಾರಕ್ಕೆ ಹೋಗುವ ದಾರಿಯಲ್ಲಿ ಬಡಗಿ ಮೊರಿಸ್‌ನ ಅಂಗಡಿಗೆ ಹೊಕ್ಕರು. ಹಲಸಿನ ಮರದ ಒಂದು ಗಟ್ಟಿ ಪೀಠ ಬೇಕು, ಆಳೆತ್ತರದ ಅರ್ಧದಷ್ಟು ಎತ್ತರ, ಹತ್ತಲು ಮೆಟ್ಟಲು. ಮೇಲೆ ಮಾತ್ರ ತೆಳು ಹಲಗೆ, ಅದರಡಿಯಲ್ಲಿ ಫಿಲ್ಮಿನ ಪೆಟ್ಟಿಗೆ ಜಾರಿಸುವಷ್ಟು ಸಂದು. ನಡುವೆ ಇನ್ನೊಂದು ಸೀಳು, ಎರಡು ಪಾದಗಳ ಮಧ್ಯೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಲು. ಮೊಳೆ ಒಂದೂ ಕೂಡದು, ಮೊಳೆ ಚಿತ್ರದಲ್ಲಿ ಬರುತ್ತದೆ.

"ಇದು ಎಂತ ಬಾಯಿ, ಮದುಮಗನನ್ನು ನಿಲ್ಲಿಸ್ಲಿಕ್ಕಾ?" ಎಂದು ಕೇಳಿದನಂತೆ ಮೊರಿಸ್.

"ಹೌದು. ಅವನು ಬೀಳಬಾರದು, ಅಷ್ಟು ಗಟ್ಟಿ ಬೇಕು."

ಪೀಠ ಬಂತು. ಫಿಲ್ಮ್ ಸಿಗಲಿಲ್ಲ. ಯುದ್ಧದ ನಂತರ ಹೊರದೇಶದಿಂದ ಬರುವ ಸಾಮಾನಿಗೆಲ್ಲ ಬಿಗಿಯಾಗಿತ್ತು. ಎಕ್ಸ್‌ರೇ ಫಿಲ್ಮಿನ ಡಬ್ಬಿ ಮದ್ರಾಸಿನಿಂದ ಬಂದರೆ ಬಂತು. ಇದ್ದದ್ದನ್ನು ಕ್ಷಯದವರಿಗೆ, ಅಪಘಾತದವರಿಗೆ ತೆಗೆದಿಡಬೇಕು. ಒಮ್ಮೆ ಮೂರು ಫಿಲ್ಮ್ ತೆಗೆದು ಏನೂ ಕಾಣದ ಕಾಲಿಗೆ ಪುನಃ ಫಿಲ್ಮ್ ಕೊಡುವುದು ಸಾಧ್ಯವಿಲ್ಲ ಎಂದು ಆಡಳಿತ ನೋಡುವವರು ಹೇಳಿದರು. ಅವರ ಮಾತೂ ಸುಳ್ಳಲ್ಲ. ಡಾಕ್ಟರ್ ಒಸ್ವಾಲ್ಡ್ ಕೇಳಿ ನೋಡಿದರು, ಆಗಲಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರಿಗೆ ಕ್ಷಯ ತಗಲಿದೆಯೇ ಎಂದು ವರ್ಷಕ್ಕೊಮ್ಮೆ ಎದೆಯ ಚಿತ್ರ ತೆಗೆಯುವ ಕ್ರಮವಿದೆ. ಫ್ಲಾವಿಯಾರ ಸರದಿ ಆ ತಿಂಗಳಿತ್ತು. "ನನ್ನ ಎದೆಯದ್ದು ಒಂದು ದೊಡ್ಡ ಫಿಲ್ಮ್ ನನ್ನ ಹೆಸರಲ್ಲಿ ಉಂಟಲ್ಲ, ಅದು ಕೊಡಿ ಅಂದೆ. ನಿಮ್ಮ ಎದೆಗೆ ಎಂತ ಮಾಡ್ತೀರಿ ಅಂತ ಕೇಳಿದರು. ಬರುವ ವರ್ಷ ನೋಡುವ, ಈಗ ನನಗೆ ಕೆಮ್ಮಿಲ್ಲ ಅಂದೆ." ಒಂದೇ ಫಿಲ್ಮ್. ಅದನ್ನು ಸೀಸದ ತಗಡಿನಿಂದ ಅರ್ಧ ಅರ್ಧ ಮುಚ್ಚಿ, ಹೋಲಿಸಿ ನೋಡಲು ಎರಡೂ ಪಾದಗಳದ್ದು ಒಂದೊಂದು ಚಿತ್ರ ತೆಗೆಯುವುದೆಂದು ತೀರ್ಮಾನಿಸಿದರು. ತಪ್ಪಿದರೆ ಮತ್ತೊಂದಿಲ್ಲ.

ಮರುದಿನ ಬೆಳಿಗ್ಗೆ ಬಾವರನ್ನು ಪೀಠ ಹತ್ತಿಸಿದರು. ನೋಯುವ ಕಾಲಿನ ಮೇಲೆ ಭಾರ ಹಾಕಿದ ಕೂಡಲೇ ಅವರ ಮೈಯೆಲ್ಲ ನಡುಗತೊಡಗಿತು. ಹಳೆಯ ಯಂತ್ರ, ಕಿರಣ ಬೀಳುವಷ್ಟು ಹೊತ್ತು ಪಾದ ಕೂದಲೆಳೆಯಷ್ಟೂ ಅಲ್ಲಾಡಬಾರದು. ಗೋಡೆ ಹಿಡಿಸಿದರು, ನಡುಕ ನಿಲ್ಲಲಿಲ್ಲ. ಕೋಲು ಕೊಟ್ಟರು, ಭಾರವೆಲ್ಲ ಕೋಲಿಗೆ ಹೋಯಿತು. ಬೀಫಾತಿಮ್ಮ ಮುಂದೆ ಬಂದು, "ನಾನು ಹಿಡ್ಕೊಳ್ತೇನೆ" ಎಂದರು. ಫ್ಲಾವಿಯಾ ಬಿಡಲಿಲ್ಲ. ಜೊಕಿಮ್ ಮಾಸ್ಟರ ಕೈಗಳನ್ನು ಕಂಡವರು ಯಾರನ್ನೂ ಸುಮ್ಮನೆ ಕಿರಣಕ್ಕೆ ನಿಲ್ಲಿಸುವುದಿಲ್ಲ, ತಾವೂ ನಿಲ್ಲುವುದಿಲ್ಲ.

ಕರೆಂಟು ಕುಗ್ಗುವ ಹೊತ್ತು ಹತ್ತಿರವಾಗುತ್ತಿತ್ತು. ಆಗ ಬಾವ ತಾವೇ ಬಾಯಿ ತೆರೆದರು.

"ಬಾಯಿ, ನನ್ನ ತಲೆಯ ಮೇಲೆ ಎಂತಾದರೂ ಭಾರ ಇಡಿ."

"ಭಾರವಾ? ಎಂತಕ್ಕೆ ಬಾವಾಕ?"

"ಖಾಲಿ ತಲೆಯಲ್ಲಿ ನನಗೆ ನಿಲ್ಲಿಕ್ಕೆ ಗೊತ್ತಿಲ್ಲ. ಸಣ್ಣದಿನಿಂದ ಹೊತ್ತವ ನಾನು. ಹಲಗೆಯ ಮೇಲೆ, ನೀರಿನ ಮೇಲೆ, ಭಾರ ಇದ್ದರೆ ನಾನು ಅಲ್ಲಾಡುವುದಿಲ್ಲ. ಇಟ್ಟು ನೋಡಿ."

ಡಾಕ್ಟರ್ ಒಸ್ವಾಲ್ಡ್ ಒಪ್ಪಲು ಹಿಂಜರಿದರು. ಕಾಲು ಇನ್ನೂ ಕೆಟ್ಟರೆ? ಬಾವ ಹೇಳಿದರು, "ಹೇಗೂ ನಾಳೆ ಮಂಜಿ ಉಂಟು ಡಾಕ್ಟ್ರೇ. ಇಲ್ಲಿ ಹೊರದಿದ್ದರೆ ಅಲ್ಲಿ ಹೊರಬೇಕು. ಇಲ್ಲಿಯಾದರೆ ನೀವಿದ್ದೀರಿ." ಡಾಕ್ಟರರು ಸ್ವಲ್ಪ ಯೋಚಿಸಿ, ಹಗುರದ್ದು, ಒಂದು ಉಸಿರು ಹಿಡಿಯುವಷ್ಟು ಹೊತ್ತು ಮಾತ್ರ ಎಂದರು. ಬಾವ ಹೆಗಲಿನ ಬೈರಾಸು ತೆಗೆದು ಸಿಂಬಿ ಸುತ್ತಿ ತಲೆಗಿಟ್ಟುಕೊಂಡರು. ರೋಗಿಗಳ ಕೈಕಾಲು ಅಲ್ಲಾಡದಂತೆ ಒತ್ತಿಡುವ ಮರಳಿನ ಚೀಲಗಳು ಕೋಣೆಯಲ್ಲಿದ್ದವು. ಎರಡನ್ನು ಅದರ ಮೇಲೆ ಇಟ್ಟರು.

"ನಾನು ಕಣ್ಣಾರೆ ನೋಡಿದೆ," ಎನ್ನುತ್ತಾರೆ ಫ್ಲಾವಿಯಾ. "ಅವರ ಕುತ್ತಿಗೆ ನೆಟ್ಟಗಾಯ್ತು, ಬೆನ್ನು ನೆಟ್ಟಗಾಯ್ತು. ನಡುಕ ಮೇಲಿನಿಂದ ಕೆಳಗೆ ಇಳಿದು ಹೋದ ಹಾಗೆ ನಿಂತಿತು. ಮುಖದಲ್ಲಿ ಬೆವರು ಹರೀತಾ ಉಂಟು, ಕಾಲು ಮಾತ್ರ ಕಲ್ಲಿನ ಹಾಗೆ. ನಾನು ಓಡಿದೆ. ಈ ಕಾಲಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಮರೆಯ ಹಿಂದೆ ಹೋಗಿ ಗುಂಡಿ ಒತ್ತಿದೆ. ತಗಡು ಬದಲಾಯಿಸಿದೆ, ಪುನಃ ಒತ್ತಿದೆ. ಆಯ್ತು ಬಾವಾಕ, ಇಳೀರಿ ಅಂದೆ. ಆಗ ಅವರು ಬಿದ್ದರು. ಡಾಕ್ಟ್ರು ಹಿಡಿದುಕೊಂಡರು."

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಫಿಲ್ಮ್ ಔಷಧದ ನೀರಿಗೆ ಇಳಿಯಿತು. ಮೊದಲು ಬೆರಳುಗಳು ಬಂದವು, ಆಮೇಲೆ ಬೆರಳುಗಳ ಹಿಂದಿನ ಉದ್ದ ಎಲುಬುಗಳು. ಹೆಬ್ಬೆರಳಿನ ಹಿಂದಿನ ಎಲುಬಿಗೂ ಅದರ ಪಕ್ಕದ್ದಕ್ಕೂ ನಡುವೆ, ಇರಬಾರದ ಒಂದು ಸಂದು. ಒಂದು ಬೆರಳು ತೂರಿಸಬಹುದೇನೋ ಎನ್ನುವಂತೆ ಬಾಯಿ ಬಿಟ್ಟಿತ್ತು.

ಅವತ್ತು ಫ್ಲಾವಿಯಾಗೆ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳಲು ಆಗಲಿಲ್ಲ. ಒದ್ದೆ ಫಿಲ್ಮನ್ನೇ ಹಿಡಿದು ಹೊರಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು ಎಂದು ನನಗೆ ಹೇಳಿದವರು ಬೀಫಾತಿಮ್ಮ. ಫ್ಲಾವಿಯಾ ಅದನ್ನು ಒಪ್ಪುವುದಿಲ್ಲ. "ಅದು ಔಷಧದ ಘಾಟು," ಎನ್ನುತ್ತಾರೆ.

ಮೇಸ್ತ್ರಿಗೆ ಹೇಳುವವರು ಯಾರು ಎಂಬ ಮಾತು ಬಂತು. ಬಾವ ಕೇಳಿಕೊಂಡರು: "ಬಾಯಿ, ನಾನು ಹೇಳಿದರೆ ನಂಬುವುದಿಲ್ಲ. ನೀವು ತೋರಿಸಿ." ಡಾಕ್ಟರರ ಒಪ್ಪಿಗೆ ಪಡೆದು, ಒಣಗಿದ ಫಿಲ್ಮನ್ನು ಕಾಗದದಲ್ಲಿ ಸುತ್ತಿಕೊಂಡು ಫ್ಲಾವಿಯಾ ಏರು ಇಳಿದು ಬಂದರಿಗೆ ಹೋದರು. ಮಧ್ಯಾಹ್ನದ ಬಿಸಿಲು. ಗೋದಾಮಿನ ಎದುರು ಮೂಟೆಯವರು ಗಂಜಿ ಉಂಡು ಕೂತಿದ್ದರು. ಫ್ಲಾವಿಯಾ ಫಿಲ್ಮನ್ನು ಸೂರ್ಯನಿಗೆ ಎತ್ತಿ ಹಿಡಿದರು.

"ಇದು ಬಾವಾಕನ ಸರಿ ಇರುವ ಕಾಲು. ಇದು ಇನ್ನೊಂದು. ಹಾಶಿಂ ಮೇಸ್ತ್ರಿಗಳೇ, ಎರಡೂ ನೋಡಿ."

ಹಾಶಿಂ ಮೇಸ್ತ್ರಿ ಎದ್ದು ಬಂದು ಕುತ್ತಿಗೆ ಎತ್ತಿ ನೋಡಿದರು. ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು. "ಇಷ್ಟು ಬಿಟ್ಟುಕೊಂಡ ಎಲುಬಿನಲ್ಲಿ ಮೊನ್ನೆ ಅವ ಮೂಟೆ ಎತ್ತಿದ್ದಾ?" ಎಂದರು ಮೇಸ್ತ್ರಿ ಕೊನೆಗೆ.

"ಎತ್ತಿದ್ದು. ಅದಕ್ಕೇ ದಾರಿಯಲ್ಲಿ ಕೂತದ್ದು."

ಮೇಸ್ತ್ರಿ ತಲೆಯ ಬಟ್ಟೆ ತೆಗೆದು ಮುಖ ಒರೆಸಿಕೊಂಡರು. "ಅವನ ಜಾಗ ಅಲ್ಲೇ ಉಂಟು ಅಂತ ಹೇಳಿ ಬಾಯಿ. ಗುಣ ಆಗಿ ಬರಲಿ."

ಡಾಕ್ಟರ್ ಒಸ್ವಾಲ್ಡ್ ಶಸ್ತ್ರಕ್ರಿಯೆ ಮಾಡಿ ಎಲುಬುಗಳನ್ನು ಕೂಡಿಸಿ ತಂತಿ ಹಾಕಿದರು. ಸಿಮೆಂಟಿನ ಕಟ್ಟಿನಲ್ಲಿ ಕಾಲು ತಿಂಗಳುಗಟ್ಟಲೆ ಇತ್ತು. ಬಾವ ಈಗ ನಡೆಯುತ್ತಾರೆ, ನಾನು ನೋಡಿದ್ದೇನೆ. ಪೂರ್ತಿ ಮೊದಲಿನಂತೆ ಆಗಿಲ್ಲ. ಮೂಟೆ ಹೊತ್ತು ಹಲಗೆ ಏರುವುದು ಇನ್ನು ಬೇಡ ಎಂದು ಡಾಕ್ಟರರು ಹೇಳಿದ್ದಾರೆ. ಹಾಶಿಂ ಮೇಸ್ತ್ರಿ ಮಾತು ಉಳಿಸಿಕೊಂಡರು. ಗುಂಪಿನಲ್ಲೇ ಇಟ್ಟು, ಗೋದಾಮಿನೊಳಗೆ ಮೂಟೆ ಒಟ್ಟಿಸುವ ಕೆಲಸ ಕೊಟ್ಟಿದ್ದಾರೆ. "ಹೊರುವುದು ಬಿಟ್ಟ ಮೇಲೆ ತಲೆ ಹಗುರ ಹಗುರ ಅನ್ನಿಸ್ತದೆ," ಎಂದು ಬಾವ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಬೇಸರವೂ ಇತ್ತು.

ಆ ಮಧ್ಯಾಹ್ನದ ನಂತರ ಬಂದರಿನ ಕಾಲುಗಳು ಏರು ಹತ್ತತೊಡಗಿದವು. ಮೊದಲೆಲ್ಲ ನೋವನ್ನು ಎಣ್ಣೆಗೆ, ಸೊಪ್ಪಿಗೆ, ಸಾರಾಯಿಗೆ ಬಿಟ್ಟವರು ಈಗ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ದಿನಕ್ಕೆ ಹದಿನೈದು, ಇಪ್ಪತ್ತು ಜನ. ಕರೆಂಟು ಸರಿ ಇದ್ದರೆ, ಫಿಲ್ಮ್ ಇದ್ದರೆ. ಫಿಲ್ಮ್ ಇಲ್ಲದ ವಾರ ಫ್ಲಾವಿಯಾ ತಾವೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿ ಕಳುಹಿಸುತ್ತಾರೆ. ಆ ಕೆಲಸ ಇನ್ನೊಬ್ಬರಿಗೆ ಬಿಡುವುದಿಲ್ಲ. "ದೂರದಿಂದ ನೋವಿನ ಕಾಲಲ್ಲಿ ನಡೆದು ಬಂದವರಿಗೆ ಇಲ್ಲ ಅಂತ ಹೇಳುವಾಗ ನಾನೇ ಹೇಳಬೇಕು. ಬೈದರೆ ನನಗೇ ಬೈಯಲಿ."

ಏನು ಬೇಕು ನಿಮಗೆ ಎಂದು ಕೇಳಿದೆ. ಹೊಸ ಯಂತ್ರವೇ? "ಕೊಟ್ಟರೆ ಬೇಡ ಅನ್ನುವುದಿಲ್ಲ," ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ನೀವು ಪೇಪರಿನಲ್ಲಿ ಬರೆಯುವುದಾದರೆ ಇದು ಬರೆಯಿರಿ. ಈ ಏರಿನ ಅರ್ಧ ದಾರಿಯಲ್ಲಿ ಒಂದು ಕಲ್ಲುಬೆಂಚು ಬೇಕು. ಕಾಲು ನೋವಿನವರಿಗೆ ಕೂತ್ಕೊಳ್ಳಲಿಕ್ಕೆ ಜಾಗ ಇಲ್ಲ. ಮುನಿಸಿಪಾಲಿಟಿಗೆ ಎರಡು ಸಲ ಹೋಗಿ ಕೇಳಿದ್ದೇನೆ. ಮೂರನೆಯ ಸಲವೂ ಹೋಗ್ತೇನೆ."

ನಾನು ಹೊರಡುವ ಹೊತ್ತಿಗೆ ಹೊಯಿಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ರತ್ನಾವತಿ ಎಂಬ ಹೆಂಗಸು ಡಾಕ್ಟರರ ಕೋಣೆಯಿಂದ ಹೊರಗೆ ಬರುತ್ತಾರೆ. ಪಾದದ ಮುಂಭಾಗದಲ್ಲಿ ನೋವು, ಬಿದ್ದದ್ದಿಲ್ಲ, ಹೊಡೆತ ತಾಗಿದ್ದಿಲ್ಲ. ಮಲಗಿಸಿಯೂ ನಿಲ್ಲಿಸಿಯೂ ತೆಗೆದ ಚಿತ್ರದಲ್ಲಿ ಏನೂ ಕಂಡಿಲ್ಲ. ದುಡಿತದ ಭಾರಕ್ಕೆ ಎಲುಬಿನಲ್ಲಿ ಆಗುವ ಸಣ್ಣ ಬಿರುಕು ಮೊದಮೊದಲು ಚಿತ್ರಕ್ಕೆ ಸಿಗುವುದಿಲ್ಲ, ಎರಡು ಮೂರು ವಾರ ಕಳೆದು ಪುನಃ ತೆಗೆಯಬೇಕು, ಅಲ್ಲಿಯವರೆಗೆ ಭಾರ ಹೊರಬಾರದು ಎಂದು ಡಾಕ್ಟರ್ ಒಸ್ವಾಲ್ಡ್ ಬರೆದುಕೊಟ್ಟಿದ್ದಾರೆ. ರತ್ನಾವತಿ ಚೀಟಿ ಹಿಡಿದು ಅಲ್ಲಿಂದ ಕದಲುವುದಿಲ್ಲ.

"ಬಾಯಿ, ಕಾರ್ಖಾನೆಯಲ್ಲಿ ಎಲ್ಲರೂ ಹೇಳ್ತಾರೆ ನನಗೆ ಎಂತದೂ ಇಲ್ಲ ಅಂತ. ಈಗ ಚಿತ್ರದಲ್ಲೂ ಇಲ್ಲ."

"ಚಿತ್ರದಲ್ಲಿ ಇಲ್ಲದ್ದು ಇವತ್ತು. ಡಾಕ್ಟ್ರು ಹೇಳಿದ ದಿನ ಬನ್ನಿ, ಪುನಃ ತೆಗೆಯುವ."

"ಆಗಲೂ ಎಂತದೂ ಕಾಣದಿದ್ದರೆ?"

ಫ್ಲಾವಿಯಾ ಬಾಯಿ ಬಗ್ಗಿ ಆ ಹೆಂಗಸಿನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ, ಮಣ್ಣಿನ ಕೆಂಪು ಹಿಡಿದ ಬೆರಳುಗಳನ್ನು ಒಮ್ಮೆ ನೋಡಿ, ಮೆಲ್ಲನೆ ಚಪ್ಪಲಿಯೊಳಗೆ ಇಡುತ್ತಾರೆ.

"ಆಗ ಇನ್ನೊಂದು ಬದಿಯಿಂದ ನೋಡ್ತೇನೆ," ಎನ್ನುತ್ತಾರೆ. "ಕಾಣುವವರೆಗೆ ನೋಡುವುದೇ ನನ್ನ ಕೆಲಸ ಅಲ್ವಾ."